ಖಡಕಿಯ ಹಿತ್ತಿಲಿನ ಭಾರದ ಬಾತುಗಳು

ಮೊಟ್ಟೆಯ ದರ ಪ್ರಕಟಿಸುವ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯ ಮುಖ್ಯ ಕಚೇರಿ ಇರುವುದು ಪುಣೆಯಲ್ಲಿ. ವೆಂಕಟೇಶ್ವರ ಹ್ಯಾಚರೀಸ್ ಇರುವುದೂ ಇಲ್ಲೇ. ಕೋಳಿ ಸಾಕಣೆ ಕಲಿಸುವುದಕ್ಕೆಂದೇ ಉರುಳಿ ಕಾಂಚನದಲ್ಲಿ ಒಂದು ಸಂಸ್ಥೆ, ಕೋಳಿಗೂ ದನಕ್ಕೂ ಲಸಿಕೆ ತಯಾರಿಸಲು ಔಂಧದಲ್ಲಿ ಇನ್ನೊಂದು. ಹೀಗಾಗಿ ಪುಣೆಯ ಕೋಳಿಯ ಚರಿತ್ರೆ ಹೇಳುವವರಿಗೆ ಬರವಿಲ್ಲ. ಬಾತುಕೋಳಿಯ ಕಥೆ ಕೇಳಿದರೆ ಮಾತ್ರ ಎಲ್ಲರೂ ಮುಖ ಮುಖ ನೋಡುತ್ತಾರೆ. ಕೋಳಿ ಉದ್ಯಮ ಈ ಊರಿಗೆ ಕಾಲಿಡುವ ಎಷ್ಟೋ ಮೊದಲೇ ದಂಡಿನ ಬಂಗಲೆಗಳ ಹಿತ್ತಿಲಲ್ಲಿ ಬಾತು ಸಾಕಿ, ಕೊಬ್ಬಿಸಿ, ಸಾಹೇಬರ ಮೇಜಿಗೆ ಏರಿಸುತ್ತಿದ್ದರು. ಅವುಗಳನ್ನು ಬದುಕಿಸುವ ವಿದ್ಯೆ ಪುಸ್ತಕದಲ್ಲಿ ಸ್ವಲ್ಪ, ಆಳುಕಾಳುಗಳ ಕೈಯಲ್ಲಿ ಬಹಳ ಇತ್ತು. ಆ ಕೈಗಳ ಕಡೆಯ ತಲೆಮಾರನ್ನು ನಾನು ನೋಡಿದ್ದೇನೆ. ಅದಕ್ಕೇ ಈ ಬರಹ.

ನಾನು ಧಾರವಾಡದಿಂದ ಲಗ್ನವಾಗಿ ಖಡಕಿಗೆ ಬಂದವಳು. ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದೆ. ನಮ್ಮ ಮನೆಯಲ್ಲಿ ಮೊಟ್ಟೆ ಒಲೆಗೆ ಏರುವುದಿಲ್ಲ. ಆದರೂ ಹಿತ್ತಿಲ ಜಾಳಿಯೊಳಗೆ ನಾಲ್ಕು ಹೆಣ್ಣು ಪೆಕಿನ್, ಅವಕ್ಕೊಂದು ಗಂಡು ಇವೆ. ಪಕ್ಕದ ಮನೆಯ ಗೋವಾದ ಆಂಟಿ ಮಗನ ಊರಿಗೆ ಹೋಗುವಾಗ ಬಿಟ್ಟುಹೋದ ಸಂಸಾರ ಅದು. ಆಂಟಿಯ ಅಜ್ಜ ದಂಡಿನಲ್ಲಿ ಬಟ್ಲರ್ ಆಗಿದ್ದರಂತೆ. ನಮ್ಮ ಅತ್ತೆಯವರು ಇದ್ದಾಗ, “ನಮ್ಮ ಮನಿತನದಾಗ ಯಾರರೆ ಬದಕ ಸಾಕ್ಯಾರೇನವಾ?” ಎಂದು ಗೊಣಗುತ್ತಲೇ ಅವಕ್ಕೆ ದಂಟಿನ ಸೊಪ್ಪು ಹೆಚ್ಚಿ ಹಾಕುತ್ತಿದ್ದರು.

ಭಾರದ ಬಾತು ಎಂದೆ. ಕೆರೆಯಂಗಳದಲ್ಲೂ ಕೊಯ್ಲಾದ ಗದ್ದೆಯಲ್ಲೂ ಹಿಂಡು ಹಿಂಡಾಗಿ ಮೇಯುವ ನಮ್ಮ ನಾಡ ಬಾತು ಹಗುರ, ದಿನವಿಡೀ ನಡೆದೀತು. ಮೊಟ್ಟೆಗೆ ಹೆಸರಾದ ಖಾಕಿ ಕ್ಯಾಂಬೆಲ್ ಕೂಡ ಹಗುರದ್ದೇ. ಇಂಗ್ಲೆಂಡಿನ ಏಲ್ಸ್‌ಬರಿ, ಫ್ರಾನ್ಸಿನ ರೂಆನ್, ಚೀನಾದ ಪೆಕಿನ್ ಬೇರೆ ಜಾತಿಯ ದೇಹ. ಗಂಡು ನಾಲ್ಕು, ನಾಲ್ಕೂವರೆ ಕಿಲೋ ತೂಗುತ್ತದೆ. ಏಲ್ಸ್‌ಬರಿಯ ಎದೆಯ ಮೂಳೆಯಂತೂ ನೆಲಕ್ಕೆ ತಾಗುವಷ್ಟು ಕೆಳಗೆ. ಇವು ಹಾರುವುದಿಲ್ಲ, ಮೆಟ್ಟಿಲು ಹತ್ತುವುದಿಲ್ಲ, ಬಿದ್ದರೆ ಕುಂಟುತ್ತವೆ. ಮಾಂಸಕ್ಕೆಂದೇ ಮನುಷ್ಯ ಹಿಗ್ಗಿಸಿದ ಶರೀರ ಅದು. ಅವುಗಳ ಕಾಯಿಲೆಗಳಲ್ಲಿ ಅರ್ಧಕ್ಕರ್ಧ ಬರುವುದು ಆ ಹಿಗ್ಗಿನಿಂದಲೇ.

ಇವು ಪುಣೆಗೆ ಬಂದ ದಾರಿ ಪುಣೆಯ ಸೋಲಿನಿಂದ ಶುರುವಾಗುತ್ತದೆ. 1817ರ ನವೆಂಬರ್ 5ರಂದು ಇದೇ ಖಡಕಿಯ ಬಯಲಿನಲ್ಲಿ ಪೇಶ್ವೆಯ ಸೈನ್ಯ ಸೋತಿತು. ಅದರ ಬೆನ್ನಿಗೇ ಪುಣೆಯಲ್ಲೂ ಖಡಕಿಯಲ್ಲೂ ಇಂಗ್ಲಿಷರ ದಂಡು ಬೀಡುಬಿಟ್ಟಿತು. ಬಂಗಲೆಗೆ ದೊಡ್ಡ ಕಾಂಪೌಂಡು, ಹಿಂದುಗಡೆ ಬೇರೆಯಾಗಿ ಅಡುಗೆಮನೆ, ಅದರಾಚೆ ಆಳುಗಳ ಸಾಲುಮನೆ, ಎರಡರ ನಡುವೆ ಕೋಳಿಗೂಡು. ಮುಂಬಯಿ ಗವರ್ನರನ ಸರ್ಕಾರ ಮಳೆಗಾಲ ಕಳೆಯಲು ಪುಣೆಗೆ ಬರುವ ರೂಢಿ ಇತ್ತು. 1863ರಲ್ಲಿ ಬೋರಘಾಟದ ರೈಲುದಾರಿ ಪೂರ್ತಿಯಾದ ಮೇಲೆ ಅದು ಇನ್ನಷ್ಟು ಸಲೀಸಾಯಿತು. ಗಣೇಶಖಿಂಡದಲ್ಲಿ ಗವರ್ನರನ ಅರಮನೆಯಂಥ ಬಂಗಲೆ ಎದ್ದಿತು. ಈಗ ಅದು ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ವಿಲಾಯಿತಿಯ ಹಡಗು ಬೇಗ ಬರತೊಡಗಿತು, ತಳಿಯ ಹಕ್ಕಿ ತರಿಸಿಕೊಳ್ಳುವ ಹವ್ಯಾಸಿಗಳಿಗೆ ಅನುಕೂಲವಾಯಿತು. ಆಗ ಇಂಗ್ಲೆಂಡಿನಲ್ಲೇ ಪೆಕಿನ್ ಹೊಸದು, 1870ರ ದಶಕದಲ್ಲಷ್ಟೇ ಚೀನಾದಿಂದ ಅಲ್ಲಿಗೂ ಅಮೆರಿಕಕ್ಕೂ ಹೋಗಿತ್ತು. ದಂಡಿನ ಕ್ಯಾಂಪಿನಲ್ಲಿ 1886ರ ಹೊತ್ತಿಗೆ ಕನಾಟ್ ಮಾರ್ಕೆಟ್ ತಲೆಯೆತ್ತಿತು. ಈಗಿನ ಶಿವಾಜಿ ಮಾರ್ಕೆಟ್ ಅದೇ.

ಇಲ್ಲಿ ಒಂದು ವಿಚಿತ್ರ ಗಮನಿಸಬೇಕು. ಗವರ್ನರ್ ಬಂದಿಳಿಯುವುದು ಜೂನ್‌ನಲ್ಲಿ. ಔತಣ, ಕುದುರೆ ರೇಸು, ನಾಚ್‌ಪಾರ್ಟಿ ಎಲ್ಲ ಮಳೆಗಾಲದಲ್ಲಿ. ಬಾತಿಗೆ ಗಿರಾಕಿ ಹೆಚ್ಚುವ ತಿಂಗಳುಗಳೇ ಬಾತು ಕಾಯಿಲೆ ಬೀಳುವ ತಿಂಗಳುಗಳೂ ಆಗಿದ್ದವು. ಬಾತಿಗೆ ಮಳೆ ಇಷ್ಟ, ನಿಜ. ಮಳೆಯಲ್ಲಿ ನಮ್ಮವೂ ಕುಣಿಯುತ್ತವೆ. ಆದರೆ ರಾತ್ರಿ ಹಸಿ ನೆಲದ ಮೇಲೆ ಮಲಗಿಸಿದರೆ ನಾಲ್ಕೇ ದಿನದಲ್ಲಿ ಎದೆಯ ಪುಕ್ಕ ಅಂಟಂಟಾಗಿ, ಮೂಗು ಸುರಿದು, ಮೂಲೆ ಹಿಡಿಯುತ್ತವೆ. ನೀರಿನ ಹಕ್ಕಿಗೆ ಒಣ ಹಾಸಿಗೆ ಬೇಕು ಅನ್ನುವುದು ಹೊಸಬರಿಗೆ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ. ಗೂಡಿನ ಹಾಸಿನ ವಿಷಯದಲ್ಲಿ ಇನ್ನೊಂದು ಎಚ್ಚರ: ಪುಣೆಯ ಸುತ್ತ ಕಬ್ಬಿನ ರವದಿ ಪುಕ್ಕಟೆಯಾಗಿ ಸಿಗುತ್ತದೆಂದು ಹಾಕುವವರಿದ್ದಾರೆ. ಮಳೆಗಾಲದಲ್ಲಿ ಅದು ಬೂಷ್ಟು ಹಿಡಿದರೆ ಆ ಬೂಷ್ಟು ಬಾತಿನ ಶ್ವಾಸಕೋಶಕ್ಕೇ ಇಳಿಯುತ್ತದೆ. ಭತ್ತದ ಹೊಟ್ಟು ಲೇಸು. ದಪ್ಪಗೆ ಹಾಸಬೇಕು, ದಿನಾ ಮಗುಚಬೇಕು.

ಮೇಮ್‌ಸಾಹೇಬರಿಗೆ ಈ ಸಂಗತಿ ಕಲಿಸಲು ಪುಸ್ತಕಗಳಿದ್ದವು. ಫ್ಲೋರಾ ಆನಿ ಸ್ಟೀಲ್ ಮತ್ತು ಗ್ರೇಸ್ ಗಾರ್ಡಿನರ್ ಸೇರಿ ಬರೆದು 1888ರಲ್ಲಿ ಹೊರಬಂದ ಮನೆವಾರ್ತೆಯ ದೊಡ್ಡ ಪುಸ್ತಕದಲ್ಲಿ ಹಸು, ನಾಯಿ, ತೋಟದ ಜೊತೆಗೆ ಕೋಳಿಗೂಡಿಗೂ ಜಾಗವಿದೆ. ಕಲ್ಕತ್ತದಿಂದ ಬಂದ ಐಸಾ ಟ್ವೀಡ್ ಅವರ ಪುಸ್ತಕವಂತೂ ಪೂರ್ತಿ ಈ ದೇಶದಲ್ಲಿ ಕೋಳಿ-ಬಾತು ಸಾಕುವುದರ ಬಗ್ಗೆಯೇ. ಇತಿಹಾಸ ಓದಿದವಳಾಗಿ ನನಗೆ ಇಂಥ ಪುಸ್ತಕಗಳ ಮೇಲೆ ಒಂದು ತಕರಾರಿದೆ. ಆಳುಗಳು ಕೊಳಕರು, ಕಳ್ಳರು, ಯಜಮಾನತಿ ಕಣ್ಣಿಟ್ಟಿರಬೇಕು ಎಂಬ ಧಾಟಿ ಆ ಕಾಲದ ಮನೆವಾರ್ತೆಯ ಬರಹದಲ್ಲೆಲ್ಲ ಹರಿಯುತ್ತದೆ. ಆದರೆ ಬೆಳಗಾಗೆದ್ದು ಗೂಡಿಗೆ ಬಗ್ಗಿ ಹೋಗಿ ಹಿಕ್ಕೆಯ ಬಣ್ಣ ನೋಡುತ್ತಿದ್ದವರು ಯಾರು? ಹಸಿರು ನೀರಾಗಿದ್ದರೆ ಇವತ್ತೇ ಆ ಹಕ್ಕಿಯನ್ನು ಬೇರೆ ಇಡಬೇಕು ಎಂದು ತಿಳಿದಿದ್ದವರು ಯಾರು? ಅವರ ಹೆಸರು ಯಾವ ಪುಸ್ತಕದ ರಟ್ಟಿನ ಮೇಲೂ ಬರಲಿಲ್ಲ.

ಆಂಟಿ ನನಗೆ ಹೇಳಿಕೊಟ್ಟಿದ್ದು ಅಂಥ ವಿದ್ಯೆ. ಹೊಸ ಬಾತು ಕಂಡರೆ ಅವರು ಕೊಕ್ಕು ನೋಡುತ್ತಿರಲಿಲ್ಲ, ಕಣ್ಣು ನೋಡುತ್ತಿರಲಿಲ್ಲ, ಮೊದಲು ಎತ್ತಿ ಅಂಗಾಲು ನೋಡುತ್ತಿದ್ದರು. “ದೇಹ ದೊಡ್ಡದು ಬಾಯಿ, ಪಾದ ಮಾತ್ರ ದೇವರು ಚಿಕ್ಕ ಬಾತಿನದೇ ಕೊಟ್ಟಿದ್ದಾನೆ,” ಅನ್ನುವರು.

ಕಾಲಿನ ಚಿಂತೆ ಇವರಿಗಿಂತ ಹಳೆಯದು. ಇಂಗ್ಲೆಂಡಿನ ಏಲ್ಸ್‌ಬರಿ ಪಟ್ಟಣದ ಬಡವರು ತಮ್ಮ ಗುಡಿಸಲೊಳಗೇ ಬಾತುಮರಿ ಬೆಳೆಸಿ ಲಂಡನ್ನಿಗೆ ಮಾರುತ್ತಿದ್ದರು. ರೈಲು ಬರುವ ಮೊದಲು ಹಿಂಡನ್ನು ನಡೆಸಿಕೊಂಡೇ ಹೋಗಬೇಕಿತ್ತು. ಆಗ ಬಾತುಗಳನ್ನು ಮೊದಲು ಆರಿದ ಡಾಂಬರಿನಂಥ ದ್ರವದಲ್ಲಿ, ಆಮೇಲೆ ಮರದ ಹೊಟ್ಟಿನಲ್ಲಿ ನಡೆಸಿ ಅಂಗಾಲಿಗೊಂದು ಜೋಡು ಮಾಡಿಕೊಡುತ್ತಿದ್ದರು ಎಂದು ಹೇಳುತ್ತಾರೆ. 1839ರಲ್ಲಿ ಏಲ್ಸ್‌ಬರಿಗೆ ರೈಲು ಬಂತು, ಬಾತುಗಳ ಪಾದಯಾತ್ರೆ ನಿಂತಿತು.

ಪುಣೆಯಲ್ಲಿ ಈ ಕಾಟ ನೆಲದಿಂದ ಬರುತ್ತದೆ. ಮೇಲೆ ಒಂದಿಷ್ಟು ಮಣ್ಣು, ಕೆಳಗೆ ಮುರುಮು, ಅದರ ಕೆಳಗೆ ಕರೀಕಲ್ಲು. ಅಂಗಳಕ್ಕೆ ಹಾಸುವುದು ಶಹಾಬಾದಿ ಫರಸಿ. ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದಿನ ಸುಣ್ಣಗಲ್ಲು ಪುಣೆಯ ಅರ್ಧ ಅಂಗಳಗಳಲ್ಲಿ ಮಲಗಿದೆ, ಅದನ್ನು ಹಾಸುವ ಗೌಂಡಿಗಳೂ ಎಷ್ಟೋ ಸಲ ಆ ಕಡೆಯವರೇ. ನಮ್ಮ ಹಿತ್ತಿಲಿನ ಫರಸಿ ಎಬ್ಬಿಸಿ ಮತ್ತೆ ಹಾಸಲು ಬಂದ ಗೌಂಡಿ, ಜಾಳಿಯ ಅಳತೆ ಹಿಡಿದವನು ಕೈ ನಿಲ್ಲಿಸಿ, “ಬಾಯಾರ, ನಮ್ಮೂರ ಕಲ್ಲು ಮನಿಯೊಳಗ ಚಲೋ. ಬಿಸಲಾಗ ಬರಿಗಾಲಿಲೆ ಇದರ ಮ್ಯಾಲ ನಿಂತು ನೋಡ್ರಿ. ಇವಕ್ಕ ಮಣ್ಣ ಬಿಡ್ರಿ” ಎಂದ. ಜಾಳಿಯ ಒಳಗೆ ಇವತ್ತಿಗೂ ಕಲ್ಲಿಲ್ಲ. ಮುರುಮು ಕೆದಕಿ ತೆಗೆದು ಹೊಳೆಮರಳು, ಅದರ ಮೇಲೆ ಹೊಟ್ಟು.

ಗಟ್ಟಿ ನೆಲದ ಮೇಲೆ ಭಾರದ ಬಾತು ನಡೆದರೆ ಏನಾಗುತ್ತದೆಂದು ಹೇಳುತ್ತೇನೆ. ಅಂಗಾಲಿನ ದಿಂಬಿನಲ್ಲಿ ಮೊದಲು ಚರ್ಮ ಹೊಳಪಾಗಿ ಕೆಂಪಾಗುತ್ತದೆ. ಮುಟ್ಟಿದರೆ ಬೆಚ್ಚಗೆ. ಆಮೇಲೆ ನಡುವೆ ಒಂದು ಕರಿ ಹೆಕ್ಕಳೆ, ಉದ್ದಿನ ಕಾಳಿನಷ್ಟು. ಸಣ್ಣ ಗಾಯದಲ್ಲಿ ರೋಗಾಣು ಸೇರಿ ಒಳಗೆ ಕೀವು ಕಟ್ಟುತ್ತದೆ. ಹಕ್ಕಿಯ ಕೀವು ನಮ್ಮದರಂತೆ ಹರಿಯುವುದಿಲ್ಲ, ಗಟ್ಟಿಯಾಗಿ ಕೂಡುತ್ತದೆ, ಅದಕ್ಕೇ ತಾನಾಗಿ ವಾಸಿಯಾಗುವುದು ಕಷ್ಟ. ಕೆಂಪಿದ್ದಾಗಲೇ ಹಿಡಿದರೆ ಮನೆಯಲ್ಲೇ ನೋಡಬಹುದು. ಬಾತನ್ನು ಎಡ ಕಂಕುಳಿಗೆ ಒತ್ತಿಕೊಂಡು, ರೆಕ್ಕೆ ಬಿಚ್ಚದಂತೆ ಮೊಣಕೈಯಿಂದ ಅದುಮಿ, ತಲೆ ನನ್ನ ಬೆನ್ನಿನ ಕಡೆ ಹೋಗುವಂತೆ ಹಿಡಿಯುತ್ತೇನೆ. ಘಮೇಲಿಯಲ್ಲಿ ಉಗುರುಬೆಚ್ಚನೆಯ ಉಪ್ಪುನೀರು. ಕಾಲು ಅದರಲ್ಲಿ ನೆನೆದಷ್ಟು ಹೊತ್ತು ಅದು ಕೊಕ್ಕಿನಿಂದ ನನ್ನ ಸೆರಗಿನ ಅಂಚು ಜಗಿಯುತ್ತಿರುತ್ತದೆ. ಒರೆಸಿ, ಅಯೋಡಿನ್ ಹಚ್ಚಿ, ಹತ್ತಿ ಇಟ್ಟು, ಬೆರಳುಗಳ ನಡುವಿನ ಜಾಲಪೊರೆ ಎಳೆಯದ ಹಾಗೆ ಪಟ್ಟಿ ಸುತ್ತಿ, ಒಣ ಹಾಸಿನ ಮೇಲೆ ಬೇರೆ ಇಡುವುದು. ಹೆಕ್ಕಳೆ ಆಳವಾಗಿದ್ದರೆ, ಕಾಲಿನ ಗಂಟು ಊದಿದ್ದರೆ ಪಶುವೈದ್ಯರ ಹತ್ತಿರ ಹೋಗಲೇಬೇಕು, ಬ್ಲೇಡು ಹಿಡಿದು ಶೂರತನ ತೋರಿಸಬಾರದು. ಇನ್ನೊಂದು: ಕೋಳಿಯನ್ನು ಕಾಲು ಹಿಡಿದು ಎತ್ತುವ ಅಭ್ಯಾಸ ಬಾತಿಗೆ ನಡೆಯದು. ಅದರ ಕಾಲು ಅಷ್ಟು ಸುಲಭಕ್ಕೆ ಉಳುಕುತ್ತದೆ. ಎರಡೂ ರೆಕ್ಕೆ ಸೇರಿಸಿ ಮೈ ಹಿಡಿಯಬೇಕು.

ನೀರಿನ ವಿಷಯಕ್ಕೆ ಆಂಟಿಯದು ಒಂದೇ ಕಟ್ಟಳೆ: ನೀರು ಒಂದು ಕಡೆ, ನಿದ್ದೆ ಒಂದು ಕಡೆ. ಅವರ ಬಾಲ್ಯದಲ್ಲಿ ಮುಳಾ ನದಿಗೇ ಬಾತು ಇಳಿಸುತ್ತಿದ್ದರಂತೆ. ಈಗ ಆ ನದಿಗೆ ಹಕ್ಕಿ ಇಳಿಸುವುದು ಬೇಡ, ಅದರ ವಾಸನೆ ಕುಡಿದರೂ ಸಾಕು. ಭಾರದ ಬಾತಿಗೆ ಈಜುಕೊಳ ಇಲ್ಲದಿದ್ದರೂ ನಡೆಯುತ್ತದೆ. ತಲೆ ಪೂರ್ತಿ ಮುಳುಗಿಸುವಷ್ಟು ಆಳದ ಪಾತ್ರೆ ಮಾತ್ರ ಬೇಕೇ ಬೇಕು. ಮೂಗಿನ ಹೊಳ್ಳೆ, ಕಣ್ಣು ತೊಳೆದುಕೊಳ್ಳಲಾಗದಿದ್ದರೆ ಕಣ್ಣಿನ ಸುತ್ತ ನೊರೆ ಕಟ್ಟಿ ರೆಪ್ಪೆ ಅಂಟುತ್ತದೆ. ನಮ್ಮಲ್ಲಿ ಟಬ್ಬು ಇರುವುದು ಜಲ್ಲಿಯ ಮೇಲೆ, ಚೆಲ್ಲಿದ್ದು ಬಾಳೆಗಿಡಕ್ಕೆ ಹರಿಯುತ್ತದೆ. ಪುಣೆಯಲ್ಲಿ ನಲ್ಲಿ ಬಿಡುವ ಹೊತ್ತಿಗೆ ಎದ್ದು ಮೊದಲು ಅವುಗಳ ನೀರು ಬದಲಿಸುವುದು. ಏಪ್ರಿಲ್-ಮೇ ಬಿಸಿಲಿಗೆ ನಿಂತ ನೀರು ಕೊಳೆತು ಹುಳ ಬಿದ್ದರೆ, ಅದನ್ನು ತಿಂದ ಬಾತು ಕತ್ತು ಎತ್ತಲಾರದೆ ನೆಲಕ್ಕೆ ಚೆಲ್ಲುತ್ತದೆ. ಅದು ವಿಷ, ರೋಗವಲ್ಲ. ಚಿಕಿತ್ಸೆಗೆ ಸಮಯವೂ ಕೊಡುವುದಿಲ್ಲ.

ವಿಜ್ಞಾನ ಪುಣೆಗೆ ಬಂದಿದ್ದು ಬಾತಿಗಾಗಿ ಅಲ್ಲ. ಪಶುರೋಗಗಳ ಅಧ್ಯಯನಕ್ಕೆಂದು ಇಂಪೀರಿಯಲ್ ಬ್ಯಾಕ್ಟೀರಿಯಲಾಜಿಕಲ್ ಲ್ಯಾಬೊರೇಟರಿ 1889ರ ಡಿಸೆಂಬರಿನಲ್ಲಿ ಇಲ್ಲಿನ ಸೈನ್ಸ್ ಕಾಲೇಜಿನಲ್ಲಿ ಶುರುವಾಯಿತು. ಮುಖ್ಯಸ್ಥ ಆಲ್ಫ್ರೆಡ್ ಲಿಂಗಾರ್ಡ್. ಅಲ್ಲಿನ ಗಮನವೆಲ್ಲ ದಂಡಿನ ಕುದುರೆಗೂ ರೈತನ ಎತ್ತಿಗೂ ಬರುವ ರೋಗಗಳ ಮೇಲೆ. 1893ರಲ್ಲಿ ಅದು ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು, ಇವತ್ತಿನ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಬೇರು ಅದು. ಕೋಳಿಗಳ ಮಾರಿಗೆ 1920ರ ದಶಕದ ಕೊನೆಗೆ ಅದೇ ಕುಮಾಂವ್ ಸೀಮೆಯ ರಾಣಿಖೇತ್‌ನ ಹೆಸರು ಅಂಟಿತು. ಅದರ ಲಸಿಕೆ ಬಂತು, ಕೋಳಿ ಉದ್ಯಮ ಬದುಕಿತು. ಬಾತು ಆ ರೋಗವನ್ನು ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಅದರ ಸ್ವಂತ ಮಾರಿ ಬಾತಿನ ಪ್ಲೇಗು. 1923ರಲ್ಲಿ ಹಾಲೆಂಡಿನಲ್ಲಿ ಗುರುತಾಗಿದ್ದು, ನಮ್ಮ ದೇಶದಲ್ಲಿ ಪಶ್ಚಿಮ ಬಂಗಾಳದಿಂದ 1963ರಲ್ಲಿ ವರದಿಯಾಯಿತು. ಬಾತು ಬೆಳಕಿಗೆ ಕಣ್ಣು ಮುಚ್ಚುತ್ತದೆ, ಬಾಯಾರುತ್ತದೆ, ಹಸಿರು ಭೇದಿ, ಮರುದಿನ ಇರುವುದಿಲ್ಲ. ಕಾಡು ಬಾತುಗಳು ಅದನ್ನು ಹೊತ್ತು ತಿರುಗಬಲ್ಲವು. ಚಳಿಗಾಲದಲ್ಲಿ ಪಾಷಾಣ ಕೆರೆಗೂ ಯೆರವಡೆಯ ಹೊಳೆಗೂ ವಲಸೆ ಹಕ್ಕಿ ಬಂದಾಗ ನೋಡಲು ಹೋಗುತ್ತೇನೆ. ಬಂದ ಮೇಲೆ ಚಪ್ಪಲಿ ತೊಳೆಯದೆ ಹಿತ್ತಿಲಿಗೆ ಕಾಲಿಡುವುದಿಲ್ಲ.

ಮೇವಿನ ಕಥೆ ನನಗೆ ಇದಕ್ಕಿಂತ ರುಚಿ. ನಮ್ಮದು ಜೋಳದ ಸೀಮೆ. ಬಾತುಮರಿಗೆ ನಿಯಾಸಿನ್ ಎಂಬ ಜೀವಸತ್ವ ಕೋಳಿಮರಿಗಿಂತ ಸುಮಾರು ಎರಡು ಪಟ್ಟು ಬೇಕು. ಅದು ಸಾಲದಿದ್ದರೆ ಮೈ ಬೆಳೆಯುತ್ತದೆ, ಕಾಲು ಬಿಲ್ಲಿನಂತೆ ಬಾಗುತ್ತದೆ. ಭಾರದ ತಳಿಯಲ್ಲಿ ಇದು ಇನ್ನೂ ಬೇಗ ಕಾಣುತ್ತದೆ. ಕೋಳಿಮರಿಯ ಮೇವನ್ನೇ ತಂದು ಹಾಕುವವರ ಮನೆಯಲ್ಲಿ ಕುಂಟು ಬಾತು ಕಾಣುವುದು ಅದಕ್ಕೇ. ಇದೇ ನಿಯಾಸಿನ್ ಕೊರತೆ ದಖ್ಖನಿನ ಬಡ ಜೋಳದೂಟದ ಮನುಷ್ಯರಲ್ಲಿ ಪೆಲಾಗ್ರ ಎಂಬ ಚರ್ಮರೋಗವಾಗಿ ಕಂಡಿತ್ತು. ಹೈದರಾಬಾದಿನ ಪೌಷ್ಟಿಕತಾ ಪ್ರಯೋಗಾಲಯದಲ್ಲಿ ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು 1960ರ ಹೊತ್ತಿಗೆ ಅದಕ್ಕೂ ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್‌ಗೂ ನಂಟು ಇದೆಯೆಂದು ವಾದಿಸಿದರು. ಬಾತಿಗೆ ಸುಲಭದ ಔಷಧ ಬಿಯರ್ ಹುದುಗಿಸುವ ಯೀಸ್ಟು. ಮಜಾ ಏನೆಂದರೆ, ಮೀಕಿನ್ ಕಂಪನಿಯ ಬಿಯರ್ ಭಟ್ಟಿಗಳಲ್ಲಿ ಒಂದು ಹಿಂದೆ ಇದೇ ಖಡಕಿಯಲ್ಲಿತ್ತು. ಗೋರಾ ಸೋಲ್ಜರುಗಳ ದಾಹ ತಣಿಸಿ ಉಳಿದ ಗಸಿ ಹಿತ್ತಿಲುಗಳ ಬಾತಿನ ತಟ್ಟೆಗೂ ಬಿದ್ದಿರಬೇಕು ಎಂಬುದು ನನ್ನ ಊಹೆ. ದಾಖಲೆ ಕೇಳಬೇಡಿ, ಆಂಟಿಯ ಅಜ್ಜನ ಬಾತುಗಳು ಕುಂಟುತ್ತಿರಲಿಲ್ಲವಂತೆ, ಅಷ್ಟೇ ಆಧಾರ. ನಾನು ಔಷಧದಂಗಡಿಯ ಯೀಸ್ಟ್ ಪುಡಿ ಬೆರೆಸುತ್ತೇನೆ.

ಶೇಂಗಾ ಹಿಂಡಿಯಲ್ಲೂ ನಿಯಾಸಿನ್ ಚೆನ್ನಾಗಿದೆ, ಆದರೆ ಅದರ ಬೆನ್ನಿಗೆ ಒಂದು ಭೂತ ಇದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಸಾವಿರಾರು ಟರ್ಕಿ ಕೋಳಿಗಳೂ ಬಾತುಮರಿಗಳೂ ಕಾರಣ ತಿಳಿಯದೆ ಸತ್ತವು. ಹುಡುಕಿದಾಗ ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿಯ ಬೂಷ್ಟು ಸಿಕ್ಕಿತು. ಅದು ಉಗುಳುವ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಿಟ್ಟರು. ಬಾತುಮರಿಯ ಪಿತ್ತಜನಕಾಂಗ ಈ ವಿಷಕ್ಕೆ ಎಷ್ಟು ನಾಜೂಕೆಂದರೆ, ಹಿಂಡಿಯಲ್ಲಿ ವಿಷ ಇದೆಯೋ ಇಲ್ಲವೋ ಎಂದು ನೋಡಲು ಪ್ರಯೋಗಾಲಯಗಳು ಬಾತುಮರಿಯನ್ನೇ ಬಳಸಿದವು. ಆದ್ದರಿಂದ ಜುಲೈನಲ್ಲಿ ಅಂಗಡಿಯವ, “ಬಾಯಿ, ಸ್ವಲ್ಪ ಹಸಿ ಆಗಿದೆ ಅಷ್ಟೇ, ದನ ತಿಂತಾವೆ” ಎಂದು ಅಗ್ಗಕ್ಕೆ ಕೊಡುವ ಹಿಂಡಿ ನಮ್ಮ ಹಿತ್ತಿಲಿಗೆ ಬರುವುದಿಲ್ಲ.

ಬಿ.ವಿ. ರಾವ್ 1971ರಲ್ಲಿ ವೆಂಕಟೇಶ್ವರ ಹ್ಯಾಚರೀಸ್ ಶುರುಮಾಡಿದರು, 1982ರಲ್ಲಿ ಮೊಟ್ಟೆ ಸಮನ್ವಯ ಸಮಿತಿ ಬಂತು, ಟಿ.ವಿ.ಯಲ್ಲಿ ಸಂಡೇ-ಮಂಡೇ ಜಾಹೀರಾತು ಬಂತು. ಪಂಜರದಲ್ಲಿ ಕೂಡಿಸಿ, ಮೇವು ಅಳೆದು, ಮೊಟ್ಟೆ ಉರುಳಿಸಿಕೊಳ್ಳುವ ಆ ಲೆಕ್ಕಕ್ಕೆ ಬಾತು ಒಗ್ಗಲಿಲ್ಲ. ಅದು ನೀರು ಚೆಲ್ಲುತ್ತದೆ, ತಂತಿಯ ನೆಲದ ಮೇಲೆ ಅದರ ಅಂಗಾಲು ಒಡೆಯುತ್ತದೆ. ಸರ್ಕಾರ ಬಾತಿಗೆಂದು ಮಾಡಿದ್ದು ನಮ್ಮ ಬೆಂಗಳೂರಿನ ಹೆಸರಘಟ್ಟದಲ್ಲಿ, ಕೇಂದ್ರೀಯ ತಳಿ ಫಾರಂ. ಅಲ್ಲಿ ಒತ್ತು ಮೊಟ್ಟೆಯ ಖಾಕಿ ಕ್ಯಾಂಬೆಲ್‌ಗೆ. 2012ರಲ್ಲಿ ಅದೇ ಆವರಣದ ಟರ್ಕಿಗಳಲ್ಲಿ ಹಕ್ಕಿಜ್ವರ ಕಂಡು, ಅಲ್ಲಿನ ಹಕ್ಕಿಗಳನ್ನು ಕೊಲ್ಲಬೇಕಾಗಿ ಬಂತು. ಅದಕ್ಕೂ ಮೊದಲು, 2006ರ ಫೆಬ್ರುವರಿಯಲ್ಲಿ ದೇಶದ ಮೊದಲ ಹಕ್ಕಿಜ್ವರ ನಮ್ಮ ಮಹಾರಾಷ್ಟ್ರದ ನವಾಪುರದಲ್ಲೇ ಕಂಡಿತ್ತು. ಆಗ ಖಡಕಿಯಲ್ಲಿ ಉಳಿದಿದ್ದ ಹಿತ್ತಿಲ ಬಾತುಗಳಲ್ಲೂ ಬಹಳಷ್ಟು ರಾತ್ರೋರಾತ್ರಿ ಮಾಯವಾದವು. ಬಾತು ಕೆಲವೊಮ್ಮೆ ಆ ವೈರಾಣುವನ್ನು ಲಕ್ಷಣ ತೋರಿಸದೆ ಹೊತ್ತಿರಬಲ್ಲದು, ಹಾಗಾಗಿ ನೆರೆಯವರ ಭಯ ಪೂರ್ತಿ ಸುಳ್ಳಲ್ಲ. ಕೋಳಿಯನ್ನೂ ಬಾತನ್ನೂ ಒಂದೇ ಜಾಳಿಯಲ್ಲಿ ಇಡಬಾರದು ಅನ್ನುವುದು ಇದಕ್ಕೇ.

ಉಳಿದವರು ನಾವು ಕೆಲವೇ ಜನ. ಬೋಪೋಡಿಯಲ್ಲಿ ಒಬ್ಬರು, ದಾಪೋಡಿಯಲ್ಲಿ ಕೇರಳದ ಒಂದು ಕುಟುಂಬ, ರೇಂಜ್ ಹಿಲ್ಸ್ ಹತ್ತಿರ ನಿವೃತ್ತ ಸುಬೇದಾರರು. ನಮ್ಮ ದೊಡ್ಡ ತೊಡಕು ಲಸಿಕೆಯದು. ಬಾತಿನ ಪ್ಲೇಗಿನ ಲಸಿಕೆ ಬರುವುದು ಸಾವಿರಾರು ಬಾತಿನ ಹಿಂಡು ಸಾಕುವವರ ಲೆಕ್ಕದಲ್ಲಿ. ಒಂದು ಬಾಟಲಿಯಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಹಕ್ಕಿಗಾಗುವಷ್ಟು. ಒಮ್ಮೆ ಕಲಸಿದರೆ ಒಂದೆರಡು ತಾಸಿನೊಳಗೆ ಚುಚ್ಚಿ ಮುಗಿಸಬೇಕು, ಉಳಿದದ್ದು ಚರಂಡಿಗೆ. ಐದು ಬಾತಿಗಾಗಿ ಬಾಟಲಿ ಒಡೆಯಲು ಯಾರಿಗೂ ಮನಸ್ಸು ಬರುವುದಿಲ್ಲ, ಅಂಗಡಿಯವರಿಗೆ ತರಿಸಲೂ ಬೇಸರ. ಅದಕ್ಕೆ ಎಂಟು ವಾರ ದಾಟಿದ ಮರಿಗಳನ್ನೂ ವರ್ಷ ತುಂಬಿದ ದೊಡ್ಡವನ್ನೂ ಒಂದೇ ಭಾನುವಾರಕ್ಕೆ ಹೊಂದಿಸಿಕೊಳ್ಳುತ್ತೇವೆ. ಹಕ್ಕಿಗಳನ್ನು ಒಂದೆಡೆ ಸೇರಿಸುವುದಿಲ್ಲ, ರೋಗ ಹಂಚಿಕೊಂಡಂತಾಗುತ್ತದೆ. ವೈದ್ಯರೇ ಮಂಜುಗಡ್ಡೆಯ ಥರ್ಮಾಸು ಹಿಡಿದು ಸುಬೇದಾರರ ಸ್ಕೂಟರಿನ ಹಿಂದೆ ಕೂತು ಮನೆ ಮನೆ ಸುತ್ತುತ್ತಾರೆ, ಪ್ರತಿ ಮನೆಗೂ ಹೊಸ ಸೂಜಿ. ಬಾಟಲಿ ತರಿಸುವ ಪಾಳಿ ಈ ಸಲ ನನ್ನದು, ಹೇಳಿಟ್ಟಿದ್ದೇನೆ. ಆಷಾಢದ ಮಳೆ ಹಿಡಿಯುವ ಮೊದಲು ಬಂದರೆ ಒಳ್ಳೆಯದು.